ಮೆಚ್ಚಿನ ಲೇಖಕಿ, ಮೆಚ್ಚದ ಕಾದಂಬರಿ



ಊರಿಂದ ಬರುವವರ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಗಳ ನಡುವೆ ಜಾಗ ಮಾಡಿಕೊಂಡು ಕುವೈತಿಗೆ ಬರುವ ಪುಸ್ತಕದ ಮೇಲೆ ನಮಗೆ ಆಸೆ ಹೆಚ್ಚು. ಹಾಗೆ ಬಂದ, ನಮ್ಮೆಲ್ಲರ ಮೆಚ್ಚಿನ ಲೇಖಕಿಯೊಬ್ಬರ ಕಾದಂಬರಿಯೊಂದು ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್ ಎಂದು ಕೈಯಿಂದ ಕೈಗೆ ದಾಟಿತು. ಗಂಭೀರ ಬರವಣಿಗೆಗೆ ಹೆಸರಾದ ಅವರು ಈ ಸಲ ಬರೆದದ್ದು ನಗೆ ಬೆರೆತ ಪ್ರೇಮಕಥೆ. ಶುಕ್ರವಾರ ಸಂಜೆ ಚರ್ಚೆಗೆ ಕುಳಿತಾಗ ಹೆಚ್ಚಿನವರದು ಒಂದೇ ಮಾತು: "ಇವರಿಂದ ಇದನ್ನು ನಿರೀಕ್ಷಿಸಿರಲಿಲ್ಲ!"

"ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ನನಗಂತೂ ನಗು ಬಂತು" ಎಂದು ನರ್ಸ್ ಆಗಿರುವ ಸೋದರಿಯೊಬ್ಬರು ಮೆಲ್ಲಗೆ ಹೇಳಿದರು. ನಾವು ಕೇಳಿಸಿಕೊಳ್ಳಲಿಲ್ಲ. ಅವರು ಮತ್ತೆ ಮಾತಾಡಲಿಲ್ಲ. ಆ ಅಳುಕಿನಿಂದಲೇ ಈ ಬರಹ.

ಇಂಥ ಕಥೆಗಳ ಕೊನೆ ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಊಟದ ಕೊನೆಗೆ ಮಜ್ಜಿಗೆ ಬರುವುದು ಗೊತ್ತಿರುವ ಹಾಗೆ. ಹಾಗಾದರೆ ಓದುವುದೇಕೆ? ಇಬ್ಬರ ನಡುವಿನ ಅಡ್ಡಿಗಾಗಿ. 1990ರಲ್ಲಿ ಫಣಿ ರಾಮಚಂದ್ರ ನಿರ್ದೇಶಿಸಿದ 'ಗಣೇಶನ ಮದುವೆ' ನೆನಪಿಸಿಕೊಳ್ಳಿ. ಅನಂತನಾಗ್, ವಿನಯಾ ಪ್ರಸಾದ್ ಪಾತ್ರಗಳು ವಠಾರದಲ್ಲಿ ಎದುರಾದರೆ ಜಗಳ; ಕಾಗದದಲ್ಲಿ, ಪರಸ್ಪರ ಗುರುತಿಲ್ಲದೆ, ಒಲವು. ಇದೇ ಬಗೆಯ ಗಂಟನ್ನು ಹಂಗೇರಿಯ ಮಿಕ್ಲೋಶ್ ಲಾಸ್ಲೋ 1937ರಲ್ಲೇ ಸುಗಂಧದ್ರವ್ಯದ ಅಂಗಡಿಯೊಂದರ ನಾಟಕದಲ್ಲಿ ಹಾಕಿದ್ದರು. ಹಾಲಿವುಡ್ ಅದನ್ನು 1940ರಲ್ಲಿ 'ದ ಶಾಪ್ ಅರೌಂಡ್ ದ ಕಾರ್ನರ್' ಎಂದೂ 1998ರಲ್ಲಿ 'ಯೂ ಹ್ಯಾವ್ ಗಾಟ್ ಮೇಲ್' ಎಂದೂ ತೆರೆಗೆ ತಂದಿತು. ಇಲ್ಲೆಲ್ಲ ಅಡ್ಡಿ ಇರುವುದು ಸ್ವಭಾವದಲ್ಲಿ. ಗುಟ್ಟು ಬಯಲಾದರಷ್ಟೇ ಸಾಲದು, ಇಬ್ಬರೂ ತಂತಮ್ಮ ಹಮ್ಮು ಬಿಡಬೇಕು. ಅವರಿಗೆ ತಿಳಿಯದ್ದು ನಮಗೆ ತಿಳಿದಿರುವುದರಿಂದಲೇ ನಗು.

ನಾವು ಓದಿದ ಕಾದಂಬರಿಯಲ್ಲಿ ನಾಯಕಿ ನಾಯಕನನ್ನು ಇನ್ನೊಬ್ಬಳೊಡನೆ ನೋಡುತ್ತಾಳೆ, ಮಾತು ಬಿಡುತ್ತಾಳೆ. ಅವಳು ಅವನ ಚಿಕ್ಕಮ್ಮನ ಮಗಳೆಂದು ತಿಳಿಯುವುದು ಕೊನೆಯಲ್ಲಿ. ಒಂದು ಫೋನು ಮಾಡಿದ್ದರೆ ಮುಗಿಯುತ್ತಿದ್ದ ಜಗಳ! ಕುವೈತಿನಲ್ಲಿ ಕುಳಿತು ಓದುವವರಿಗೆ ಇದು ಇನ್ನಷ್ಟು ಸುಳ್ಳೆನಿಸುತ್ತದೆ. 2024ರ ಆರಂಭದಲ್ಲಿ ಇಲ್ಲಿ ಕುಟುಂಬ ವೀಸಾ ಮತ್ತೆ ತೆರೆದಾಗ ತಿಂಗಳಿಗೆ ಕನಿಷ್ಠ 800 ದಿನಾರ್ ಸಂಬಳ ಬೇಕೆಂಬ ನಿಯಮ ಬಂತು. ದಿನಾ ಫೋನಿನಲ್ಲಿ ಮಾತಾಡಿಯೂ ಒಂದೇ ಸೂರಿನಡಿ ಇರಲಾಗದ ದಂಪತಿಗಳು ನಮ್ಮ ನಡುವೆಯೇ ಇದ್ದಾರೆ. ಫೋನು ಮಾಡದಿರುವುದೇ ಅಡ್ಡಿಯಾದ ಕಥೆ ಅವರಿಗೆ ಹೇಗೆ ನಾಟೀತು? ಇಷ್ಟರ ಮಟ್ಟಿಗೆ ನಮ್ಮ ದೂರು ನ್ಯಾಯವೇ.

ಆದರೆ ದೂರಿನ ಇನ್ನರ್ಧ ನಮ್ಮದೇ ಅಭ್ಯಾಸದ್ದು. ನಾವು ತ್ರಿವೇಣಿಯವರನ್ನು ಓದಿ ಬೆಳೆದವರು. ಅವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆಗೆದ 'ಬೆಳ್ಳಿಮೋಡ'ದಲ್ಲಿ, ಆಸ್ತಿ ಕೈತಪ್ಪಿತೆಂದು ದೂರ ಸರಿದ ಮೋಹನ ಮನಸ್ಸು ಬದಲಿಸಿ ಬಂದಾಗ ಇಂದಿರಾ ಒಪ್ಪುವುದಿಲ್ಲ. ಆ 'ಇಲ್ಲ' ನಮಗೆ ಎಷ್ಟು ಹಿಡಿಸಿದೆಯೆಂದರೆ, ನಾಯಕಿ 'ಹೂಂ' ಎಂದ ಕೂಡಲೇ ಕಥೆ ಹಗುರವೆಂದು ತೀರ್ಪು ಕೊಟ್ಟುಬಿಡುತ್ತೇವೆ.

ಮೆಚ್ಚಿನ ಲೇಖಕರು ಹೀಗೆ ಓದುಗರ ನಿರೀಕ್ಷೆಗೆ ಸಿಕ್ಕಿಕೊಳ್ಳುವುದು ಹೊಸದಲ್ಲ. 'ಪ್ರೈಡ್ ಅಂಡ್ ಪ್ರೆಜುಡಿಸ್' 1813ರಲ್ಲಿ ಬಂದ ಮರುವರ್ಷ ಜೇನ್ ಆಸ್ಟಿನ್ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಪ್ರಕಟಿಸಿದರು. ಮನೆಯವರು, ಗೆಳೆಯರು ಹೇಳಿದ್ದನ್ನೆಲ್ಲ ಆಕೆ ಪಟ್ಟಿಮಾಡಿ ಇಟ್ಟುಕೊಂಡರು. ಹಿಂದಿನದರಷ್ಟು ಚೆನ್ನಾಗಿಲ್ಲ ಎಂದವರು ಹಲವರು. ಹೆತ್ತ ತಾಯಿಗೇ ನಾಯಕಿ ಫ್ಯಾನಿ ಸಪ್ಪೆಯೆನಿಸಿದ್ದಳು! ಆಸ್ಟಿನ್ ಹಳೆಯ ಕಥೆಯನ್ನೇ ಮತ್ತೆ ಬರೆಯಲು ಹೋಗಲಿಲ್ಲ. 'ಎಮ್ಮಾ' ಬರೆದರು, ಅದಕ್ಕೂ ಅಭಿಪ್ರಾಯಗಳನ್ನು ಬರೆದಿಟ್ಟುಕೊಂಡರು.

ಮುಂದಿನ ಸಭೆಯಲ್ಲಿ ಆ ಸೋದರಿಯನ್ನು ಕೇಳಿದೆವು: ನಕ್ಕದ್ದು ಎಲ್ಲಿ? "ಜಗಳ ನನಗೂ ಸುಳ್ಳೆನಿಸಿತು. ಆದರೆ ಆ ಅಜ್ಜಿ, ತಾತ ಸತ್ತು ಎಷ್ಟೋ ವರ್ಷವಾದ ಮೇಲೂ ಎರಡು ಲೋಟ ಕಾಫಿ ಬೆರೆಸಿ, 'ಈ ಮುದುಕ ಇವತ್ತೂ ತಡ' ಎಂದು ಬೈದುಕೊಂಡು ಎರಡನ್ನೂ ತಾನೇ ಕುಡಿಯುತ್ತಾಳಲ್ಲ, ಅಲ್ಲಿ" ಎಂದರು. ಆ ಪುಟವನ್ನು ನಾವೆಲ್ಲ ಓದಿದ್ದೆವು. ಯಾರೂ ಅದರ ಮಾತೆತ್ತಿರಲಿಲ್ಲ.

ಕಾದಂಬರಿ ಈಗಲೂ ನಮಗೆ ಪೂರ್ತಿ ಹಿಡಿಸಿಲ್ಲ. ಆದರೆ ನಿರಾಸೆಯಾದಾಗ ಎರಡು ಪ್ರಶ್ನೆ ಕೇಳಿಕೊಳ್ಳಲು ಕಲಿತೆವು. ಕಥೆಯ ಅಡ್ಡಿ ನಿಜವಾದದ್ದೇ? ನಾವು ಓದಿದ್ದು ಈ ಪುಸ್ತಕವನ್ನೋ, ಅವರ ಹಿಂದಿನ ಪುಸ್ತಕವನ್ನೋ? ಪ್ರತಿ ಈಗ ಫಹಾಹೀಲಿನಲ್ಲಿದೆ, ಬೇಕಾದವರು ತಿಳಿಸಿ. ಓದಿ, ನಕ್ಕರೆ ಸಂಕೋಚವಿಲ್ಲದೆ ಹೇಳಿ. ಈ ಸಲ ಕೇಳಿಸಿಕೊಳ್ಳುತ್ತೇವೆ.