ರಕ್ತ ಕೆಟ್ಟ ಜವಾನನಿಗೆ ಒಂದು ಸಾಲಿನ ಷರಾ!

ಕ್ಯಾತಗಾನಚೆರ್ಲು ಕಡೆಯ ಹುಡುಗನೊಬ್ಬ ಮಿಲಿಟರಿಗೆ ಭರ್ತಿಯಾಗುವಾಗ ಎದೆ ಅಳೀತಾರೆ, ಕಣ್ಣು ನೋಡ್ತಾರೆ, ಓಡಿಸ್ತಾರೆ. ಆಸಾಮಿ ಗಟ್ಟಿ ಅಂತ ಡಾಕ್ಟರೇ ಸಹಿ ಹಾಕ್ತಾರೆ. ಹದಿನೈದಿಪ್ಪತ್ತು ವರ್ಷ ದುಡಿದ ಮೇಲೆ ಅದೇ ಜವಾನನಿಗೆ ಬಿಡದ ಜ್ವರ, ಸುಸ್ತು, ಒಸಡಲ್ಲಿ ರಕ್ತ. ಪರೀಕ್ಷೆ ಮಾಡಿದರೆ ಲ್ಯುಕೇಮಿಯಾ, ಅಂದರೆ ಬ್ಲಡ್ ಕ್ಯಾನ್ಸರ್. ಆಗ ಮೆಡಿಕಲ್ ಬೋರ್ಡಿನ ಕಾಗದದಲ್ಲಿ ಒಂದು ಸಾಲಿನ ಷರಾ ಬೀಳಬಹುದು: ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ.

ಅಲ್ಲಿಗೆ ಅಂಗವಿಕಲತೆಯ ಪಿಂಚಣಿಗೆ ಕತ್ತರಿ.

ಆ ಸಾಲಿನ ಬೆಲೆ ಎಷ್ಟು ಗೊತ್ತೆ? ನೂರಕ್ಕೆ ನೂರು ಅಂಗವಿಕಲತೆಗೆ ಕೊನೆಯ ಸಂಬಳದ ಶೇಕಡ 30. ಕನಿಷ್ಠ ಶೇಕಡ 20 ಇರಲೇಬೇಕು. 2014ರ ರಾಮ್ ಅವತಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಲೆಕ್ಕದಂತೆ ಶೇಕಡ 40 ಇದ್ದವನಿಗೆ 50 ಎಂದು ಹಿಡಿಯಬೇಕು. ಕೊನೆಯ ಸಂಬಳ 40,000 ಆದರೆ ತಿಂಗಳಿಗೆ 6,000 ರೂಪಾಯಿ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯಲ್ಲಿ ಇದು ಸಣ್ಣ ಮೊತ್ತವೇನಲ್ಲ. ಜವಾನ ಸೇವೆಯಲ್ಲೇ ಸತ್ತರೆ ಷರಾ ಹೆಂಡತಿಯ ಮೇಲೂ ಬೀಳುತ್ತೆ. ಸೇವೆಯಿಂದಲೇ ಬಂದ ರೋಗ ಅಂತಾದರೆ ವಿಶೇಷ ಕುಟುಂಬ ಪಿಂಚಣಿ ಸಂಬಳದ ಶೇಕಡ 60. ಇಲ್ಲದಿದ್ದರೆ ಸಾಮಾನ್ಯ ದರ, 30.

ಷರಾದ ಬೇರು 1982ರ ನಿಯಮಗಳಲ್ಲಿದೆ. ಸೇವೆಯಿಂದ ಸಾಮಾನ್ಯವಾಗಿ ಬಾಧಿತವಾಗದ ರೋಗಗಳು ಅಂತ ಅಲ್ಲೊಂದು ಪಟ್ಟಿ. ಅದರಲ್ಲಿ ಲ್ಯುಕೇಮಿಯಾ ಹೆಸರೂ ಉಂಟು. ಆದರೆ ‘ಸಾಮಾನ್ಯವಾಗಿ’ ಅಂದರೆ ‘ಎಂದೆಂದಿಗೂ’ ಅಂತಲ್ಲವಲ್ಲ! ಬೆಂಜೀನ್, ವಿಕಿರಣ ಇವು ರಕ್ತ ಕೆಡಿಸುತ್ತವೆ ಅಂತ ವೈದ್ಯಶಾಸ್ತ್ರವೇ ಹೇಳುತ್ತೆ. ಪೆಟ್ರೋಲಿನಲ್ಲೂ ಬೆಂಜೀನ್ ಇದೆ. ಅಮೆರಿಕದವರು ಇನ್ನೊಂದು ದಾರಿ ಹಿಡಿದರು. ವಿಯೆಟ್ನಾಮಿನಲ್ಲಿ ಏಜೆಂಟ್ ಆರೆಂಜ್ ವಿಷ ತಗುಲಿದ ಸೈನಿಕನಿಗೆ ಕೆಲವು ಬಗೆಯ ಬ್ಲಡ್ ಕ್ಯಾನ್ಸರ್ ಬಂದರೆ ಸೇವೆಯಿಂದಲೇ ಬಂತು ಎಂದು ಅಲ್ಲಿನ ಸರ್ಕಾರ ಊಹಿಸಿಕೊಳ್ಳುತ್ತದೆ. ಸೈನಿಕ ಸಾಬೀತು ಮಾಡಬೇಕಿಲ್ಲ.

ನಮ್ಮಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಿಗ್ನಲ್ಸ್ ದಳದ ಧರಮ್‌ವೀರ್ ಸಿಂಗ್ ಎಂಬುವರನ್ನು 1994ರಲ್ಲಿ ಮೂರ್ಛೆರೋಗದ ಕಾರಣಕ್ಕೆ ಮನೆಗೆ ಕಳಿಸಿದ್ದರು. 2013ರಲ್ಲಿ ಸುಪ್ರೀಂ ಕೋರ್ಟು ಅವರ ಕೈ ಹಿಡಿಯಿತು. ಭರ್ತಿಯ ದಿನ ರೋಗದ ದಾಖಲೆ ಇಲ್ಲದಿದ್ದರೆ ಆಮೇಲೆ ಬಂದದ್ದು ಸೇವೆಯಿಂದ ಎಂದೇ ಊಹಿಸಬೇಕು, ಅಲ್ಲ ಅನ್ನೋರು ಕಾರಣ ಬರೆಯಬೇಕು ಎಂದಿತು. ಕ್ಯಾನ್ಸರಿಗೆ ಇದರಿಂದ ತಾನೇ ತಾನಾಗಿ ಪಿಂಚಣಿ ಸಿಗೋದಿಲ್ಲ, ವಾದಿಸಬೇಕು. 21-9-2023ರಿಂದ ಹೊಸ ನಿಯಮ ಬಂದಿರುವುದರಿಂದ ಬಿಡುಗಡೆಯ ತಾರೀಕನ್ನೂ ನೋಡಿಕೊಳ್ಳಬೇಕು.

ಷರಾ ಬಿತ್ತು ಅಂತ ಕೈಕಟ್ಟಿ ಕೂರಬೇಡಿ ಸ್ವಾಮಿ. ಮೊದಲು ಮೆಡಿಕಲ್ ಬೋರ್ಡಿನ ವರದಿಯ ನಕಲು ತೆಗೆಸಿ. ಮೇಲ್ಮನವಿಗೆ ವಾಯಿದೆ ಆರು ತಿಂಗಳು. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠಕ್ಕೆ ಸೇರಿದೆ. ಊರಿಗೆ ಬಂದ ಮೇಲೆ ರೋಗ ಕಂಡಿತೆ? ಬಿಡುಗಡೆಯಾದ ಏಳು ವರ್ಷದೊಳಗೆ ಕಂಡರೆ 1982ರ ನಿಯಮದಲ್ಲೇ ಅರ್ಜಿಗೆ ಅವಕಾಶವಿದೆ. ಎಲ್ಲೆಲ್ಲಿ ಡ್ಯೂಟಿ, ಯಾವ ಡಿಪೋ, ಯಾವ ವರ್ಕ್‌ಶಾಪ್, ಎಷ್ಟು ವರ್ಷ ಅನ್ನೋದನ್ನು ಜ್ಞಾಪಕ ಇರುವಾಗಲೇ ಬರೆದಿಟ್ಟುಕೊಳ್ಳಿ. ಟ್ರಂಕಿನ ತಳದಲ್ಲಿರುವ ಡಿಸ್ಚಾರ್ಜ್ ಪುಸ್ತಕ ಗೆದ್ದಲು ಹಿಡಿಯೋ ಮುಂಚೆ ಈಚೆ ಬರಲಿ.