ಬೇರೆಯಾಗುವಾಗ ಫೋನಿನ ಬೀಗ ಬದಲಿಸುವುದು ಹೇಗೆ?

ಗಂಡ ಹೆಂಡತಿ ಬೇರೆ ಇರಲು ತೀರ್ಮಾನಿಸಿದಾಗ ಒಡವೆ, ಪಾಸ್‌ಬುಕ್, ಮನೆಪತ್ರ ಎಲ್ಲವೂ ನೆನಪಾಗುತ್ತವೆ. ಫೋನ್ ನೆನಪಾಗುವುದಿಲ್ಲ. ಕೈಯಲ್ಲೇ ಇದೆಯಲ್ಲ, ನಮ್ಮದೇ ಅನ್ನಿಸುತ್ತದೆ. ಆದರೆ ಎಷ್ಟೋ ಹೆಣ್ಣುಮಕ್ಕಳು ವರ್ಷಗಳಿಂದ ಬಳಸುತ್ತಿರುವ ನಂಬರ್ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತದೆ. ಸಿಮ್ ಕೊಂಡ ದಿನ ಯಾರ ಆಧಾರ್ ಕೊಟ್ಟಿದ್ದರೋ ಕಂಪನಿಯ ಲೆಕ್ಕದಲ್ಲಿ ಅವರೇ ಗ್ರಾಹಕರು. ಅವರು ‘ಸಿಮ್ ಕಳೆದಿದೆ’ ಎಂದು ಇನ್ನೊಂದು ಸಿಮ್ ಪಡೆದರೆ ನಿಮ್ಮದು ನಿಂತುಹೋಗುತ್ತದೆ. ಬ್ಯಾಂಕಿನ ಓಟಿಪಿ, ಅಂದರೆ ಒಂದು ಸಲಕ್ಕೆ ಮಾತ್ರ ನಡೆಯುವ ಗುಟ್ಟಿನ ಅಂಕಿ, ಅವರಿಗೇ ಹೋಗುತ್ತದೆ. ಹಾಗಾಗಿ ಮೊದಲು ನಂಬರ್, ಆಮೇಲೆ ಪಾಸ್‌ವರ್ಡ್.

ಅದಕ್ಕೂ ಮುಂಚೆ ಒಂದು ಮಾತು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅವಸರ ಬೇಡ. ಪಾಸ್‌ವರ್ಡ್ ಬದಲಾದದ್ದು ಎದುರಿನವರಿಗೆ ಕೂಡಲೇ ಗೊತ್ತಾಗಬಹುದು. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಸಹಾಯಕ್ಕೆ ನಂಬಿಕಸ್ಥರ ಫೋನಿನಿಂದ ಕರೆಮಾಡಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ನಂಬರ್ ನಿಮ್ಮದಾಗಲಿ

ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ ಜಾಲತಾಣಕ್ಕೆ ಹೋಗಿ ನಿಮ್ಮ ನಂಬರ್ ಕೊಡಿ. ಆ ನಂಬರ್ ಯಾರ ಹೆಸರಲ್ಲಿದೆಯೋ ಅವರ ಹೆಸರಿನ ಎಲ್ಲ ಸಂಪರ್ಕಗಳ ಪಟ್ಟಿ ಬರುತ್ತದೆ. ಅನುಮಾನ ಉಳಿದರೆ ಕಂಪನಿಯ ಮಳಿಗೆಯಲ್ಲಿ ವಿಚಾರಿಸಿ.

ಬೇರೆಯವರ ಹೆಸರಲ್ಲಿದ್ದರೆ ಮಾಲೀಕತ್ವ ವರ್ಗಾವಣೆಗೆ ಮಳಿಗೆಯಲ್ಲೇ ಅರ್ಜಿ ಹಾಕಬೇಕು. ಅದಕ್ಕೆ ಈಗಿನ ಮಾಲೀಕರ ಒಪ್ಪಿಗೆ ಬೇಕು. ‘ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದರೆ ಸಾಲದೇ?’ ಎಂದು ಕೇಳಬಹುದು. ಸಾಲದು. ಪೋರ್ಟ್ ಮಾಡಿದರೆ ಬದಲಾಗುವುದು ಕಂಪನಿ ಮಾತ್ರ, ಹೆಸರಲ್ಲ. ಒಪ್ಪಿಗೆ ಸಿಗದಿದ್ದರೆ ನಿಮ್ಮದೇ ಹೆಸರಲ್ಲಿ ಹೊಸ ಸಿಮ್ ತೆಗೆದುಕೊಳ್ಳಿ. ಹಳೆಯದು ನಡೆಯುತ್ತಿರುವಾಗಲೇ ಬ್ಯಾಂಕ್, ಆಧಾರ್, ಇಮೇಲ್, ವಾಟ್ಸ್ಆ್ಯಪ್ ಎಲ್ಲ ಕಡೆ ಹೊಸ ನಂಬರ್ ಹಾಕಿಸಿ.

ಇಬ್ಬರದೂ ಒಂದೇ ಫ್ಯಾಮಿಲಿ ಪ್ಲಾನ್ ಆಗಿದ್ದರೆ ಬಿಲ್ ಮುಖ್ಯ ಗ್ರಾಹಕರಿಗೆ ಹೋಗುತ್ತದೆ. ಅದರಿಂದಲೂ ಹೊರಬನ್ನಿ.

ಯಾರು ಒಳಗಿದ್ದಾರೆ ನೋಡಿ

ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ‘ನಿಮ್ಮ ಸಾಧನಗಳು’ ಎಂಬ ಪಟ್ಟಿ ಇದೆ. ನಿಮ್ಮ ಖಾತೆ ಯಾವ ಯಾವ ಫೋನ್, ಕಂಪ್ಯೂಟರ್‌ಗಳಲ್ಲಿ ತೆರೆದಿದೆ ಎಂದು ಅದು ತೋರಿಸುತ್ತದೆ. ಗುರುತಿಲ್ಲದ್ದು ಕಂಡರೆ ಕೂಡಲೇ ತೆಗೆಯಬೇಡಿ. ಮೊದಲು ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದೂರು ಕೊಡುವಾಗ ಅದು ಬೇಕಾಗುತ್ತದೆ. ನಂತರ ಸೈನ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ನಂಬರ್ ಮತ್ತು ಇಮೇಲ್ ಯಾರದು ಎಂದು ನೋಡುವುದನ್ನು ಮರೆಯಬೇಡಿ. ಅದು ಅವರದೇ ಆಗಿದ್ದರೆ ನೀವು ಹಾಕಿದ ಹೊಸ ಬೀಗಕ್ಕೂ ಅವರ ಹತ್ತಿರ ಕೀಲಿ ಇದ್ದಂತೆ.

ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಒತ್ತಿ. ನಿಮ್ಮ ಖಾತೆಯನ್ನು ಇನ್ನೂ 4 ಸಾಧನಗಳಿಗೆ ಜೋಡಿಸಬಹುದು. ಬಂದ ಸಂದೇಶಗಳೆಲ್ಲ ಅಲ್ಲೂ ಕಾಣುತ್ತವೆ. ಮನೆಯ ಲ್ಯಾಪ್‌ಟಾಪ್ ಅಲ್ಲಿದ್ದರೆ ಲಾಗ್‌ಔಟ್ ಮಾಡಿ. ‘ಟೂ ಸ್ಟೆಪ್ ವೆರಿಫಿಕೇಶನ್’ ಎಂಬ ಎರಡನೇ ಬೀಗಕ್ಕೆ 6 ಅಂಕಿಯ ಪಿನ್ ಹಾಕಿ. ಮಗುವಿನ ಹುಟ್ಟಿದ ದಿನ, ಮದುವೆಯ ದಿನ ಬೇಡ. ಅವು ಅವರಿಗೂ ಗೊತ್ತು.

ಫೋನ್ ಲಾಕ್‌ನಲ್ಲಿ ಉಳಿದಿರುವ ಅವರ ಬೆರಳಚ್ಚು ಅಳಿಸಿ. ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಹಂಚಿಕೆ ನಿಲ್ಲಿಸಿ. ಯುಪಿಐ ಪಿನ್ ಬದಲಿಸಿ. ಐಫೋನ್‌ನಲ್ಲಿ ಐಓಎಸ್ 16ರಿಂದ ‘ಸೇಫ್ಟಿ ಚೆಕ್’ ಇದೆ. ಯಾರ ಜೊತೆ ಏನೇನು ಹಂಚಿಕೊಂಡಿದ್ದೀರಿ ಎಂದು ಒಂದೇ ಕಡೆ ತೋರಿಸುತ್ತದೆ.

ಕಾನೂನು ಏನನ್ನುತ್ತದೆ?

‘ಇನ್ನೂ ಡೈವೋರ್ಸ್ ಆಗಿಲ್ಲ, ನೋಡಿದರೆ ತಪ್ಪೇನು?’ ಎನ್ನುವವರಿದ್ದಾರೆ. ಮದುವೆ ಎಂಬುದು ಪಾಸ್‌ವರ್ಡ್ ಬಳಸಲು ಕೊಟ್ಟ ಪರವಾನಗಿಯಲ್ಲ. ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ. ಹೆಣ್ಣೊಬ್ಬಳ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಗಂಡಸು ಕಣ್ಣಿಡುವುದನ್ನು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78 ಹಿಂಬಾಲಿಸುವ ಅಪರಾಧ ಎಂದು ಹೇಳುತ್ತದೆ. ಗಂಡನಾದರೆ ವಿನಾಯಿತಿ ಎಂದು ಅಲ್ಲಿ ಬರೆದಿಲ್ಲ.

ಪಾಸ್‌ವರ್ಡಿನ ಆ ಕಾನೂನು ನಿಮಗೂ ಅನ್ವಯಿಸುತ್ತದೆ. ‘ಸಾಕ್ಷಿಗೆ ಬೇಕು’ ಎಂದು ಅವರ ಇಮೇಲ್ ತೆರೆಯಬೇಡಿ. ದಂಪತಿಯ ನಡುವೆ ಗುಟ್ಟಾಗಿ ರೆಕಾರ್ಡ್ ಮಾಡಿದ ಫೋನ್ ಮಾತನ್ನು ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ, ನಿಜ. ಅದು ಇನ್ನೊಬ್ಬರ ಖಾತೆಗೆ ನುಗ್ಗಲು ಕೊಟ್ಟ ಅನುಮತಿಯಲ್ಲ. ಏನೇ ಇದ್ದರೂ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಖರ್ಚು ಎಷ್ಟು, ಎಲ್ಲಿಗೆ ಹೋಗಬೇಕು?

ಖಾತೆಗಳ ಬೀಗ ಬದಲಿಸಲು, ಸಂಚಾರ್ ಸಾಥಿಯಲ್ಲಿ ನೋಡಲು ಹಣ ಕೊಡಬೇಕಿಲ್ಲ. ಆಧಾರ್‌ನಲ್ಲಿ ನಂಬರ್ ಬದಲಿಸಲು ಆಧಾರ್ ಕೇಂದ್ರದಲ್ಲಿ ₹75 ಶುಲ್ಕವಿದೆ. ಖಾತೆಗೆ ಯಾರಾದರೂ ನುಗ್ಗಿದ್ದರೆ ಜಿಲ್ಲೆಯ ಸೆನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆಗೆ, ದೂರು ಕೊಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ವಕೀಲರ ಶುಲ್ಕಕ್ಕೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಮಕ್ಕಳಿದ್ದರೆ ಕೊನೆಯದಾಗಿ ಒಂದು ಕೆಲಸ ಉಳಿದಿರುತ್ತದೆ. ಹೊಸ ನಂಬರನ್ನು ಶಾಲೆಗೂ ಕೊಡಿ. ಜೀವಭಯವಿಲ್ಲದಿದ್ದರೆ ಮಕ್ಕಳ ಜ್ವರ, ಫೀಸು, ರಜೆಯ ಮಾತಿಗೆಂದು ಇಬ್ಬರೂ ಒಪ್ಪಿದ ಒಂದೇ ದಾರಿ ಇಟ್ಟುಕೊಳ್ಳಿ, ಇಮೇಲಾದರೂ ಸರಿ. ಅಲ್ಲಿ ಬರೆದದ್ದು ಮುಂದೆ ಕೋರ್ಟಿಗೂ ಹೋಗಬಹುದು ಎಂಬ ನೆನಪಿನಲ್ಲೇ ಬರೆಯಿರಿ.