ಗಾಲ್ಫ್ ಸಾಮಗ್ರಿ: ಕ್ಲಬ್ ಅಂಗಡಿಯ ಬಿಲ್ಲೂ ಆನ್‌ಲೈನ್ ಬೆಲೆಯೂ

ಬೆಂಗಳೂರಿಗೆ ಗಾಲ್ಫ್ ಹೊಸ ಆಟವೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬಿನ ಸ್ಥಾಪನೆ 1876ರಷ್ಟು ಹಿಂದಿನದು. ಇದೇ ನಗರದಲ್ಲಿ ಜನಿಸಿದ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಆಟದ ಗಂಧಗಾಳಿ ಇಲ್ಲದ ಮನೆಗಳಲ್ಲಿಯೂ ಅದರ ಮಾತು ನಡೆಯಿತು. ವ್ಯಾಪಾರ, ಉದ್ದಿಮೆಗಳಲ್ಲಿ ತೊಡಗಿರುವ ಅನೇಕರು ಇಂದು ಈ ಆಟವನ್ನು ಕಲಿಯುತ್ತಿದ್ದಾರೆ. ಕಲಿಯಲು ಹೊರಟವರ ಮೊದಲ ಪ್ರಶ್ನೆ ಸಾಮಗ್ರಿಯನ್ನು ಕ್ಲಬ್ ಆವರಣದ ಅಂಗಡಿಯಲ್ಲಿ ಕೊಳ್ಳಬೇಕೋ, ಆನ್‌ಲೈನಿನಲ್ಲಿ ತರಿಸಬೇಕೋ ಎಂಬುದು.

ಪ್ರಶ್ನೆ ಕೊಳ್ಳುವವನದಷ್ಟೇ ಅಲ್ಲ. ಅಂಗಡಿಗೆ ಬಂದು, ಕೈಯಲ್ಲಿ ಹಿಡಿದು, ನಾಲ್ಕು ಚೆಂಡು ಹೊಡೆದು ನೋಡಿ, ಅಳತೆಯನ್ನು ಬರೆದುಕೊಂಡು, ಹೊರಗೆ ಹೋಗಿ ಮೊಬೈಲಿನಲ್ಲಿ ಆರ್ಡರ್ ಮಾಡುವ ಪದ್ಧತಿಯು ಪಾದರಕ್ಷೆ, ಕನ್ನಡಕ, ವಿದ್ಯುತ್ ಉಪಕರಣಗಳ ವರ್ತಕರೆಲ್ಲರಿಗೂ ಪರಿಚಿತವೇ. ಗಾಲ್ಫ್ ಅಂಗಡಿಯಲ್ಲಿ ಒಂದೊಂದು ವಸ್ತುವಿನ ಬೆಲೆ ಹೆಚ್ಚಾಗಿರುವುದರಿಂದ ಈ ವ್ಯವಹಾರದ ಲೆಕ್ಕವು ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. (ಆಟಗಾರರು ಚೆಂಡು ಹೊಡೆಯುವ ಸಾಧನವನ್ನೂ 'ಕ್ಲಬ್' ಎಂದೇ ಕರೆಯುತ್ತಾರೆ. ಗೊಂದಲವಾಗದಂತೆ ಇಲ್ಲಿ ಅದನ್ನು 'ಕೋಲು' ಎಂದು ಹೇಳಲಾಗಿದೆ.)

ಕ್ಲಬ್ ಅಂಗಡಿ ಮೂಲತಃ ಕುಶಲಕರ್ಮಿಯ ಅಂಗಡಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಅಲನ್ ರಾಬರ್ಟ್‌ಸನ್ ಗರಿ ತುಂಬಿದ ತೊಗಲಿನ ಚೆಂಡುಗಳನ್ನು ಕೈಯಲ್ಲಿ ಹೊಲಿದು ಮಾರುತ್ತಿದ್ದನು. 1848ರ ಸುಮಾರಿಗೆ ಗಟಾಪರ್ಚಾ ಎಂಬ ಮರದ ಅಂಟಿನಿಂದ ಮಾಡಿದ ಅಗ್ಗದ ಚೆಂಡು ಬಂದಿತು. ರಾಬರ್ಟ್‌ಸನ್ ಅದನ್ನು ವಿರೋಧಿಸಿದನು. ಅವನ ಬಳಿ ಕೆಲಸ ಮಾಡುತ್ತಿದ್ದ ಟಾಮ್ ಮೋರಿಸ್ ಅದರಲ್ಲಿ ಆಡಿದನೆಂಬುದೇ ಇಬ್ಬರೂ ಬೇರೆಯಾಗಲು ಕಾರಣವಾಯಿತು. ಮುಂದೆ ಮೋರಿಸ್‌ನ ಅಂಗಡಿಯೇ ಅಲ್ಲಿ ಪ್ರಸಿದ್ಧವಾಯಿತು. ಅಗ್ಗದ ಸರಕಿನ ಭಯ ಈ ವ್ಯಾಪಾರಕ್ಕೆ ಆನ್‌ಲೈನಿನಿಂದ ಬಂದುದಲ್ಲ ಎಂಬುದಕ್ಕೆ ಇಷ್ಟು ಸಾಕು.

ಅಳತೆ ಬೇಕಾದುದು, ಬೇಡವಾದುದು

ನಿಯಮದಂತೆ ಒಬ್ಬ ಆಟಗಾರನು ಒಂದು ಸುತ್ತಿನಲ್ಲಿ 14ಕ್ಕಿಂತ ಹೆಚ್ಚು ಕೋಲುಗಳನ್ನು ಒಯ್ಯುವಂತಿಲ್ಲ. ಪ್ರತಿಯೊಂದಕ್ಕೂ ಉದ್ದ, ತಲೆಯ ಓರೆ, ದಂಡದ ಬಿಗುವು, ಹಿಡಿಯ ದಪ್ಪ ಎಂಬ ಅಳತೆಗಳಿವೆ. ದಂಡವು ಅತಿ ಬಿಗುವಾಗಿದ್ದರೆ ಐವತ್ತು ದಾಟಿದ ಆಟಗಾರನ ಚೆಂಡು ಏಳುವುದಿಲ್ಲ. ತಲೆಯ ಓರೆ ದೇಹಕ್ಕೆ ಹೊಂದದಿದ್ದರೆ ಚೆಂಡು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಈ ಅಳತೆಗಳನ್ನು ಹೊಂದಿಸುವ ಕೆಲಸಕ್ಕೆ ಫಿಟ್ಟಿಂಗ್ ಎನ್ನುತ್ತಾರೆ.

ಚೆಂಡಿಗೆ ಇದಾವುದೂ ಬೇಕಿಲ್ಲ. ನಿಯಮಬದ್ಧ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಒಂದೇ ಕಂಪನಿಯ ಒಂದೇ ಹೆಸರಿನ ಚೆಂಡನ್ನು ಎಲ್ಲಿ ಕೊಂಡರೂ ಚೆಂಡು ಒಂದೇ. ಟೀ, ಛತ್ರಿ, ಟೊಪ್ಪಿಗೆ, ಒಮ್ಮೆ ಅಳತೆ ಗೊತ್ತಾದ ಕೈಗವಸು ಇವುಗಳೂ ಹಾಗೆಯೇ. ಇವನ್ನು ಕಡಿಮೆ ಬೆಲೆ ಇರುವಲ್ಲಿ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅಂಗಡಿಯವನು ಈ ಸರಕಿನಲ್ಲಿ ಆನ್‌ಲೈನಿನೊಂದಿಗೆ ಸ್ಪರ್ಧೆಗೆ ಇಳಿಯದಿರುವುದೇ ಲೇಸು.

ದಾಸ್ತಾನಿನ ಲೆಕ್ಕ

ಬೆಲೆಯ ಅಂತರ ಎಲ್ಲಿಂದ ಬರುತ್ತದೆ? ಲೆಕ್ಕಕ್ಕಾಗಿ ಒಂದು ಡ್ರೈವರ್ ಕೋಲನ್ನು ತೆಗೆದುಕೊಳ್ಳಬಹುದು. ಕ್ಲಬ್ ಅಂಗಡಿಯ ಬೆಲೆ ರೂ. 42,000, ಆನ್‌ಲೈನ್ ಬೆಲೆ ರೂ. 37,500 ಎಂದಿಟ್ಟುಕೊಳ್ಳೋಣ. ಅಂತರ ರೂ. 4,500.

ಈ ಮಾದರಿಯು ಮೂರು ಓರೆಗಳಲ್ಲಿ, ಮೂರು ಬಿಗುವಿನ ದಂಡಗಳಲ್ಲಿ, ಬಲಗೈ ಮತ್ತು ಎಡಗೈಗಳಿಗೆ ಪ್ರತ್ಯೇಕವಾಗಿ ಲಭ್ಯವಿದ್ದರೆ ಒಟ್ಟು 18 ಬಗೆಗಳಾಗುತ್ತವೆ. ಬಂದ ಗ್ರಾಹಕರೆಲ್ಲರಿಗೂ ತೋರಿಸಬೇಕಾದರೆ ಬಗೆಗೊಂದರಂತೆ 18 ಕೋಲುಗಳಿರಬೇಕು. ಖರೀದಿ ಬೆಲೆ ತಲಾ ರೂ. 30,000 ಆದರೆ ಒಂದೇ ಮಾದರಿಯಲ್ಲಿ ರೂ. 5,40,000 ಬಂಡವಾಳ ತೊಡಗಿರುತ್ತದೆ. ಬ್ಯಾಂಕಿನ ಬಡ್ಡಿ ಶೇ. 12ರಂತೆ ವರ್ಷಕ್ಕೆ ರೂ. 64,800. ವರ್ಷದಲ್ಲಿ ಈ ಮಾದರಿಯ 12 ಕೋಲುಗಳು ಮಾರಾಟವಾದರೆ ಒಂದು ಕೋಲಿನ ಮೇಲೆ ಬೀಳುವ ಬಡ್ಡಿ ರೂ. 5,400. ಬಾಡಿಗೆ, ಸಂಬಳಗಳನ್ನು ಸೇರಿಸುವ ಮೊದಲೇ ಅಂತರದ ರೂ. 4,500ನ್ನು ಬಡ್ಡಿಯೊಂದೇ ನುಂಗಿಹಾಕಿತು. ಅಂಗಡಿಯವನು ದುರಾಸೆಯಿಂದ ಹೆಚ್ಚು ಬೆಲೆ ಹಾಕಿದ್ದಾನೆಂದು ಭಾವಿಸುವ ಗ್ರಾಹಕನು ಈ ಲೆಕ್ಕವನ್ನು ನೋಡಿರುವುದಿಲ್ಲ. ಎಷ್ಟೋ ಸಲ ಅಂಗಡಿಯವನೂ ನೋಡಿರುವುದಿಲ್ಲ.

ಇದರ ಮೇಲೆ ಹೊಸ ಮಾದರಿಗಳ ಕಾಟ. ದೊಡ್ಡ ಕಂಪನಿಗಳು ಒಂದೆರಡು ವರ್ಷಕ್ಕೊಮ್ಮೆ ಹೊಸ ಡ್ರೈವರ್‌ಗಳನ್ನು ಬಿಡುಗಡೆ ಮಾಡುತ್ತವೆ. ಹಳೆಯದರ ಬೆಲೆ ಕೂಡಲೇ ಇಳಿಯುತ್ತದೆ. ಆನ್‌ಲೈನಿನ ದೊಡ್ಡ ರಿಯಾಯಿತಿಗಳಲ್ಲಿ ಹಲವು ಇಂತಹ ಹಳೆಯ ಮಾದರಿಗಳ ಮೇಲಿನವು. ವರ್ಷಾಂತ್ಯದ ದಾಸ್ತಾನನ್ನು ಖರೀದಿ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆ ಇರುವುದಕ್ಕೆ ಕಟ್ಟಬೇಕೆಂಬುದು ಲೆಕ್ಕಪತ್ರದ ಮಾನದಂಡ. ಎರಡು ವರ್ಷದ ಹಿಂದಿನ ಕೋಲುಗಳನ್ನು ಇನ್ನೂ ಖರೀದಿ ಬೆಲೆಗೇ ತೋರಿಸಿದ ಆಸ್ತಿ-ಹೊಣೆ ಪಟ್ಟಿಯಲ್ಲಿನ ಲಾಭವು ಕಾಗದದ ಮೇಲಿನ ಲಾಭ.

ಇದಕ್ಕೆ ಉಪಾಯವಿದೆ. ಇಂದಿನ ಬಹುತೇಕ ಡ್ರೈವರ್‌ಗಳಲ್ಲಿ ತಲೆ ಮತ್ತು ದಂಡವನ್ನು ತಿರುಪಿನಿಂದ ಬಿಚ್ಚಿ ಜೋಡಿಸಬಹುದು. ಆದುದರಿಂದ 18 ಕೋಲುಗಳ ಬದಲು ಕೆಲವು ತಲೆಗಳು ಮತ್ತು ಕೆಲವು ದಂಡಗಳ ಪ್ರದರ್ಶನ ಪೆಟ್ಟಿಗೆಯೊಂದನ್ನು ಇಟ್ಟು, ಗ್ರಾಹಕನ ಅಳತೆ ನಿಶ್ಚಯವಾದ ಮೇಲೆ ಮುಂಗಡ ಪಡೆದು ತರಿಸಿಕೊಡುವುದು ಸಾಧ್ಯ. ಗ್ರಾಹಕನು ಕೆಲವು ವಾರ ಕಾಯಬೇಕಾಗುತ್ತದೆ. ಆದರೆ ಸಣ್ಣ ಅಂಗಡಿಯ ಬಂಡವಾಳ ಉಳಿಯುವ ಮಾರ್ಗ ಇದೇ.

ತೆರಿಗೆಯಿಂದ ಬರುವ ವ್ಯತ್ಯಾಸ

ಆನ್‌ಲೈನಿನಲ್ಲಿ ತೆರಿಗೆ ಕಡಿಮೆ ಎಂಬ ನಂಬಿಕೆ ಕೆಲವರಲ್ಲಿದೆ. ದೇಶದೊಳಗಿನ ಮಾರಾಟಕ್ಕೆ ಸರಕು ಮತ್ತು ಸೇವಾ ತೆರಿಗೆಯ ದರವು ಎರಡು ಕಡೆಯೂ ಒಂದೇ. 2025ರ ಸೆಪ್ಟೆಂಬರ್ 22ರಿಂದ ಕ್ರೀಡಾ ಸಾಮಗ್ರಿಗಳ ದರವು ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಗಾಲ್ಫ್ ಶೂಗಳು ಪಾದರಕ್ಷೆಯ ವರ್ಗಕ್ಕೆ ಸೇರುವುದರಿಂದ ಜೊತೆಗೆ ರೂ. 2,500 ಮೀರಿದವುಗಳಿಗೆ ದರ ಶೇ. 18. ಶೇ. 12ರಲ್ಲಿ ಕೊಂಡ ದಾಸ್ತಾನನ್ನು ಶೇ. 5ರಲ್ಲಿ ಮಾರಿದ ಅಂಗಡಿಗಳ ಹೂಡುವಳಿ ತೆರಿಗೆ ಜಮೆ ನಷ್ಟವಾಗಲಿಲ್ಲ. ಆದರೆ ಮುಂದಿನ ಮಾರಾಟದ ತೆರಿಗೆಗೆ ಮಾತ್ರ ಹೊಂದಿಸಿಕೊಳ್ಳಬೇಕಾದುದರಿಂದ, ನಿಧಾನವಾಗಿ ಮಾರಾಟವಾಗುವ ವ್ಯಾಪಾರದಲ್ಲಿ ಅಷ್ಟು ಹಣ ಕಟ್ಟಿಹಾಕಿದಂತಾಯಿತು.

ವೇದಿಕೆಯ ಮೂಲಕ ಮಾರುವವನಿಗೂ ಖರ್ಚಿಲ್ಲದೆ ಇಲ್ಲ. ಕಮಿಷನ್, ಅದರ ಮೇಲಿನ ತೆರಿಗೆ, ವಾಪಸು ಬಂದ ಸರಕಿನ ಸಾಗಣೆ ಇವು ಅವನವೇ. ಇದಲ್ಲದೆ ವೇದಿಕೆಯು ಅವನ ಮಾರಾಟದಿಂದ ಸರಕು ಮತ್ತು ಸೇವಾ ತೆರಿಗೆಯ ಬಾಬ್ತು ಶೇ. 0.5, ಆದಾಯ ತೆರಿಗೆಯ ಬಾಬ್ತು ಶೇ. 0.1 ಹಿಡಿದುಕೊಳ್ಳುತ್ತದೆ. ಇವೆರಡೂ ಜಮೆಯಾಗಿ ದೊರೆಯುತ್ತವೆಂಬುದು ನಿಜ. ದೊರೆಯುವವರೆಗೆ ಅದೂ ದುಡಿಯುವ ಬಂಡವಾಳವೇ.

ಎಚ್ಚರ ಬೇಕಾದುದು ವಿದೇಶಿ ತಾಣಗಳಿಂದ ನೇರವಾಗಿ ತರಿಸುವಲ್ಲಿ. ಅಲ್ಲಿ ರೂ. 30,000ಕ್ಕೆ ಸಮಾನವಾದ ಬೆಲೆ ಕಂಡಿತೆನ್ನಿ. ಸಾಗಣೆ ಮತ್ತು ವಿಮೆ ರೂ. 3,000 ಸೇರಿದರೆ ಸುಂಕಕ್ಕೆ ಒಳಪಡುವ ಮೌಲ್ಯ ರೂ. 33,000. ಮೂಲ ಸೀಮಾ ಸುಂಕ ಶೇ. 20 ಎಂದು ಲೆಕ್ಕಕ್ಕಾಗಿ ಹಿಡಿದರೆ ರೂ. 6,600, ಆ ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಅಧಿಭಾರ ರೂ. 660. ಒಟ್ಟು ರೂ. 40,260. ಇದರ ಮೇಲೆ ಶೇ. 5ರ ಸಮಗ್ರ ತೆರಿಗೆ ರೂ. 2,013. ಕೈಗೆ ಬರುವ ವೇಳೆಗೆ ರೂ. 42,273, ಕೊರಿಯರ್ ಸಂಸ್ಥೆಯ ನಿರ್ವಹಣಾ ಶುಲ್ಕ ಬೇರೆ. ಸ್ವಂತ ಬಳಕೆಯ ಆಮದಿಗೆ ಸುಂಕ ಪಟ್ಟಿಯಲ್ಲಿ ಪ್ರತ್ಯೇಕ ಶೀರ್ಷಿಕೆಯೇ ಇರುವುದರಿಂದ ಆರ್ಡರ್ ಮಾಡುವ ದಿನದ ದರವನ್ನು ನೋಡಿಯೇ ಮುಂದುವರಿಯಬೇಕು. ವಿದೇಶದಲ್ಲಿರುವ ಬಂಧುಗಳಿಂದ 'ಉಡುಗೊರೆ' ಎಂದು ಬರೆಯಿಸಿ ಅಂಚೆಯಲ್ಲಿ ತರಿಸುವ ಹಳೆಯ ಜಾಣತನ ಈಗ ನಡೆಯದು. ರೂ. 5,000ದವರೆಗಿನ ಉಡುಗೊರೆಗಳಿಗಿದ್ದ ಸುಂಕ ವಿನಾಯಿತಿಯು, ಜೀವರಕ್ಷಕ ಔಷಧಿ ಮತ್ತು ರಾಖಿಗಳ ಹೊರತು, 2019ರ ಡಿಸೆಂಬರಿನಲ್ಲಿಯೇ ಕೊನೆಗೊಂಡಿತು.

ದೂರು ಬಂದಾಗ

ಗ್ರಾಹಕ ರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ವೇದಿಕೆಯ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. 2019ರ ಕಾಯ್ದೆಯಡಿ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದು. ಆದರೆ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಆ ಕಾಯ್ದೆಯ ಅರ್ಥದಲ್ಲಿ ಗ್ರಾಹಕನಲ್ಲ. ಸ್ವಂತ ಬಳಕೆಯ ಕೋಲನ್ನು ಸಂಸ್ಥೆಯ ಹೆಸರಿನಲ್ಲಿ ಬಿಲ್ ಮಾಡಿಸಿದವರು ಎದುರು ಪಕ್ಷಕ್ಕೆ ಒಂದು ಆಕ್ಷೇಪಣೆಯನ್ನು ತಾವೇ ಒದಗಿಸಿದಂತಾಗುತ್ತದೆ.

ನಕಲಿ ಸರಕಿನ ಹಾವಳಿಯೂ ಉಂಟು. ಆಮದು ಮಾಡಿ ಪೊಟ್ಟಣದಲ್ಲಿ ಮಾರುವ ವಸ್ತುವಿನ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆಗಳಿರಬೇಕು. ಅನೇಕ ಕಂಪನಿಗಳು ಕೋಲಿನ ಕುತ್ತಿಗೆಯ ಭಾಗದಲ್ಲಿ ಕ್ರಮಸಂಖ್ಯೆ ಕೆತ್ತಿರುತ್ತವೆ. ಅದನ್ನು ಬಿಲ್ಲಿನಲ್ಲಿ ನಮೂದಿಸಿ ಕೊಡುವ ಮಾರಾಟಗಾರನಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಫಿಟ್ಟಿಂಗ್‌ಗೆ ಪ್ರತ್ಯೇಕ ಬಿಲ್

ಕ್ಲಬ್ ಅಂಗಡಿಯ ಕಷ್ಟದ ಮೂಲ ಆನ್‌ಲೈನ್ ಬೆಲೆಯಲ್ಲ. ಮುಕ್ಕಾಲು ಗಂಟೆಯ ಅಳತೆಯ ಕೆಲಸವನ್ನು ಉಚಿತವಾಗಿ ಮಾಡಿ, ಅದರ ಕೂಲಿಯನ್ನು ಕೋಲಿನ ಬೆಲೆಯೊಳಗೆ ಅಡಗಿಸಿಟ್ಟಿರುವುದು. ಅಡಗಿಸಿಟ್ಟುದನ್ನು ಗ್ರಾಹಕನು ದುಬಾರಿಯೆಂದು ಓದುತ್ತಾನೆ, ಕೊಳ್ಳದೆ ಹೋದವನು ಪುಕ್ಕಟೆ ಪಡೆಯುತ್ತಾನೆ. ಕೊಂಡವನೇ ಕೊಳ್ಳದವನ ಖರ್ಚನ್ನೂ ಹೊರುವ ಈ ವ್ಯವಸ್ಥೆ ನ್ಯಾಯವೂ ಅಲ್ಲ, ಬಾಳುವಂಥದೂ ಅಲ್ಲ.

ಫಿಟ್ಟಿಂಗ್‌ಗೆ ನಿಗದಿತ ಶುಲ್ಕ ಗೊತ್ತುಪಡಿಸಿ, ಅಳತೆಯ ಚೀಟಿಯನ್ನು ಲಿಖಿತವಾಗಿ ಕೊಡುವುದು ಸರಿಯಾದ ಕ್ರಮ. ಚೀಟಿ ಪಡೆದವನು ಎಲ್ಲಿ ಬೇಕಾದರೂ ಕೊಳ್ಳಲಿ. ಅಂಗಡಿಯಲ್ಲಿಯೇ ಕೊಂಡರೆ ಶುಲ್ಕವನ್ನು ಕ್ರೆಡಿಟ್ ನೋಟಿನ ಮೂಲಕ ಹಿಂದಿರುಗಿಸಬಹುದು. ಪ್ರತ್ಯೇಕ ಸೇವೆಯಾಗಿ ಬಿಲ್ ಮಾಡಿದಾಗ ಶೇ. 18 ತೆರಿಗೆ ಬೀಳುತ್ತದೆ; ಕೋಲಿನ ಮಾರಾಟದಲ್ಲಿ ಸಹಜವಾಗಿ ಸೇರಿದ ಭಾಗವಾಗಿದ್ದರೆ ಕೋಲಿನ ದರವೇ ಅನ್ವಯಿಸುತ್ತದೆ. ಬೇರೆಡೆ ಕೊಂಡು ತಂದ ಕೋಲಿನ ಹಿಡಿ ಬದಲಾಯಿಸುವ, ದಂಡ ಕತ್ತರಿಸುವ ಕೆಲಸಗಳಿಗೂ ದರಪಟ್ಟಿ ತೂಗುಹಾಕಿದರೆ ಆನ್‌ಲೈನ್ ಗ್ರಾಹಕನೂ ಅಂಗಡಿಯ ಗ್ರಾಹಕನೇ ಆಗುತ್ತಾನೆ.

ಕೊನೆಯದಾಗಿ, ಸಂಸ್ಥೆಯ ಖಾತೆಯಿಂದ ಗಾಲ್ಫ್ ಸಾಮಗ್ರಿ ಕೊಳ್ಳುವವರ ವಿಷಯ. ಮಾಲೀಕರ ಸ್ವಂತ ಬಳಕೆಗೆ ಕೊಂಡುದಕ್ಕೂ, ಉಡುಗೊರೆಯಾಗಿ ಕೊಟ್ಟುದಕ್ಕೂ, ಕ್ಲಬ್ಬಿನ ಸದಸ್ಯತ್ವಕ್ಕೂ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ವ್ಯವಹಾರದ ಸಂಬಂಧದಲ್ಲಿ ಡೀಲರಿಗೋ ಏಜೆಂಟರಿಗೋ ಒಂದು ವರ್ಷದಲ್ಲಿ ರೂ. 20,000 ಮೀರಿದ ಸೌಲಭ್ಯ ನೀಡಿದರೆ ಶೇ. 10ರ ಆದಾಯ ತೆರಿಗೆ ಕಡಿತದ ಹೊಣೆ ಕೊಟ್ಟವರ ಮೇಲಿದೆ. ಈ ನಿಯಮ ಜಾರಿಗೆ ಬಂದುದು 2022ರ ಜುಲೈ 1ರಿಂದ. ಒಂದು ಒಳ್ಳೆಯ ಡ್ರೈವರ್, ಎಲ್ಲಿ ಕೊಂಡರೂ, ಆ ಮಿತಿಯನ್ನು ಒಬ್ಬಂಟಿಯಾಗಿಯೇ ದಾಟುತ್ತದೆ.